ಡಯಮೈನ್ ಅಂಬರ್: ಹೊಂಬಣ್ಣದ ಶಾಯಿಯಲ್ಲಿ ಕನ್ನಡ ಬರೆದ ಅನುಭವ

ಹಳದಿ ಶಾಯಿ ಅಡಿಗೆರೆ ಎಳೆಯುವುದಕ್ಕೆ ಮಾತ್ರ ಯೋಗ್ಯ, ಅದರಲ್ಲಿ ಪುಟಗಟ್ಟಲೆ ಬರೆದರೆ ಓದಲಾಗದು ಎಂಬ ಮಾತನ್ನು ಫೌಂಟನ್ ಪೆನ್ ಬಳಸುವವರಿಂದ ಮೇಲಿಂದ ಮೇಲೆ ಕೇಳಿದ್ದೇನೆ. 1864ರಲ್ಲಿ ಆರಂಭವಾಗಿ ಈಗ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಶಾಯಿ ತಯಾರಿಸುತ್ತಿರುವ ಡಯಮೈನ್ ಸಂಸ್ಥೆಯ ‘ಅಂಬರ್’ ಎಂಬ ಹೊಂಬಣ್ಣದ ಶಾಯಿಯನ್ನು ಮೈಸೂರಿನಲ್ಲಿ ಕೆಲವು ವರ್ಷಗಳಿಂದ ದಿನಚರಿಗೂ ಓದಿದ ಪುಸ್ತಕಗಳ ಟಿಪ್ಪಣಿಗೂ ಬಳಸುತ್ತಾ ಬಂದಿರುವ ನನಗೆ ಆ ಮಾತು ಅರ್ಧ ಮಾತ್ರ ಸರಿಯೆನಿಸಿದೆ. ಸಣ್ಣ ನಿಬ್ಬಿನಲ್ಲಿ ಅದು ನಿಜ. ಅಗಲ ನಿಬ್ಬಿನಲ್ಲಿ ನಿಜವಲ್ಲ. ಕನ್ನಡದಲ್ಲಿ ಬರೆಯುವವರಿಗೆ ಈ ವ್ಯತ್ಯಾಸ ಇನ್ನಷ್ಟು ಮುಖ್ಯವಾದುದರಿಂದ ಈ ವಿಮರ್ಶೆಯ ಹೆಚ್ಚಿನ ಪಾಲು ಅದಕ್ಕೇ ಮೀಸಲು.

ಮೊದಲು ಬಣ್ಣದ ಬಗ್ಗೆ. ಬಾಟಲಿಯಲ್ಲಿ ಕಡು ಕಿತ್ತಳೆಯಂತೆ ತೋರುವ ಈ ಶಾಯಿ ಕಾಗದಕ್ಕೆ ಇಳಿದೊಡನೆ ಸ್ವಲ್ಪ ಗಾಢವಾಗಿದ್ದು, ಒಣಗುತ್ತಾ ತಿಳಿಯಾಗಿ, ಕೊನೆಗೆ ಹೊನ್ನಿನ ಹಳದಿಯಲ್ಲಿ ನಿಲ್ಲುತ್ತದೆ. ಮಂಡ್ಯದ ಕಡೆಯ ಆಲೆಮನೆಗಳಲ್ಲಿ ಕೊಪ್ಪರಿಗೆಯೊಳಗಿನ ಕಬ್ಬಿನ ಹಾಲು ಪಾಕಕ್ಕೆ ತಿರುಗುವ ಹೊತ್ತಿನಲ್ಲಿ ಪಡೆಯುವ ಬಣ್ಣವನ್ನು ಕಂಡವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ನಿಂಬೆಹಣ್ಣಿನ ಹಳದಿಯ ತೀಕ್ಷ್ಣತೆ ಇದರಲ್ಲಿಲ್ಲ. ಹಾಗೆಂದು ಇದು ಕಿತ್ತಳೆಯೂ ಅಲ್ಲ.

ಹಳದಿ ಬರಹ ಓದಲು ಕಷ್ಟವಾಗುವುದು ಯಾವುದೇ ಒಂದು ಸಂಸ್ಥೆಯ ದೋಷದಿಂದಲ್ಲ, ಬಣ್ಣದ ಸ್ವಭಾವದಿಂದಲೇ. ಹಳದಿಯ ಬಣ್ಣದ್ರವ್ಯವು ಬೆಳಕಿನ ನೀಲಿ ಭಾಗವನ್ನು ಹೀರಿಕೊಂಡು ಕೆಂಪು ಮತ್ತು ಹಸಿರು ಭಾಗಗಳನ್ನು ಹೆಚ್ಚುಕಡಿಮೆ ಹಾಗೆಯೇ ಹಿಂದಿರುಗಿಸುತ್ತದೆ. ನಮ್ಮ ಕಣ್ಣು ಹಗಲಿನಲ್ಲಿ ಅತ್ಯಂತ ಚುರುಕಾಗಿರುವುದು ಸುಮಾರು 555 ನ್ಯಾನೋಮೀಟರ್ ತರಂಗಾಂತರದ ಹಸಿರು ಬೆಳಕಿಗೆ. ವಸ್ತುವೊಂದು ಹೊಳಪಾಗಿ ಕಾಣುವುದರಲ್ಲಿ ನೀಲಿಯ ಪಾಲು ಬಹಳ ಕಡಿಮೆ. ಆದ್ದರಿಂದ ಶುದ್ಧ ಹಳದಿಯ ಅಕ್ಷರವು ಹೊಳಪಿನಲ್ಲಿ ಬಿಳಿಯ ಕಾಗದಕ್ಕೆ ತೀರ ಹತ್ತಿರವಾಗಿ ಕಣ್ಣಿಗೆ ಹಿಡಿತ ಕೊಡುವುದಿಲ್ಲ. ಹೊಂಬಣ್ಣದ ಶಾಯಿ ಹಸಿರಿನಲ್ಲೂ ಒಂದಷ್ಟನ್ನು ಹೀರುವುದರಿಂದ ಅದರ ಅಕ್ಷರ ಕಾಗದದಿಂದ ಬೇರ್ಪಟ್ಟು ನಿಲ್ಲುತ್ತದೆ. ಅಂಬರ್‌ನಲ್ಲಿ ಇಡೀ ಪುಟ ಬರೆದು ಓದಲು ಸಾಧ್ಯವಾಗಿರುವುದಕ್ಕೆ ಇದೇ ಕಾರಣ.

ಆದರೆ ನಮ್ಮ ಲಿಪಿಯಲ್ಲಿ ಅರ್ಥವನ್ನು ಬದಲಿಸುವ ಗುರುತುಗಳು ಬಹಳ ಚಿಕ್ಕವು. ದಕಾರಕ್ಕೂ ಧಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ ಇರುವ ಅಂತರ ಕೆಳಗಿನ ಒಂದು ಸೀಳು ಮಾತ್ರ. ಪಕಾರದ ಹೊಟ್ಟೆಯಲ್ಲಿ ಒಂದು ಗೆರೆ ಎಳೆದರೆ ಷಕಾರ. ಜಪಾನಿನ ಫೈನ್ (ಸಣ್ಣ ಮೊನೆಯ) ನಿಬ್ಬಿನಲ್ಲಿ ಈ ಶಾಯಿ ತುಂಬಿ ಬರೆದಾಗ ಅಕ್ಷರದ ದುಂಡು ಕಾಣುತ್ತದೆ, ಸೀಳು ಕಾಣುವುದಿಲ್ಲ. ದನವೋ ಧನವೋ ಎಂಬುದನ್ನು ಸಂದರ್ಭದಿಂದ ಊಹಿಸಬೇಕಾಗುತ್ತದೆ, ಒತ್ತಕ್ಷರಗಳಂತೂ ಸಾಲಿನ ಕೆಳಗೆ ಕರಗಿಹೋಗುತ್ತವೆ. ಅದೇ ಶಾಯಿಯನ್ನು ಯುರೋಪಿನ ಬ್ರಾಡ್ (ಅಗಲ ಮೊನೆಯ) ನಿಬ್ಬಿಗೆ, ಅಥವಾ ಲ್ಯಾಮಿ ಕಂಪನಿಯ ಚಪ್ಪಟೆ ಮೊನೆಯ 1.1 ಮಿ.ಮೀ. ಇಟ್ಯಾಲಿಕ್ ನಿಬ್ಬಿಗೆ ಹಾಕಿ, ಅಕ್ಷರಗಳನ್ನು ಸ್ವಲ್ಪ ದೊಡ್ಡದಾಗಿ, ಸಾಲುಗಳ ನಡುವೆ ಒತ್ತುಗಳಿಗೆ ಜಾಗ ಬಿಟ್ಟು ಬರೆದರೆ ಸೀಳೂ ಒತ್ತೂ ಸ್ಪಷ್ಟವಾಗಿ ನಿಲ್ಲುತ್ತವೆ. ಈ ಶಾಯಿಯ ಬೆಲೆಯಷ್ಟೇ ಮುಖ್ಯವಾಗಿ ನಿಮ್ಮ ನಿಬ್ಬಿನ ಅಗಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಅಗಲ ನಿಬ್ಬಿನಲ್ಲಿ ಬರೆದಾಗ ಇನ್ನೊಂದು ಲಾಭವಿದೆ, ನನಗೆ ಇದು ತುಂಬ ಪ್ರಿಯವಾದದ್ದು. ಕನ್ನಡದ ಅಕ್ಷರವನ್ನು ಹೆಚ್ಚಾಗಿ ಪೆನ್ನು ಎತ್ತದೆ ಒಂದೇ ಸುತ್ತಿನಲ್ಲಿ ಬರೆಯುತ್ತೇವೆ. ಶಾಯಿ ಆ ಸುತ್ತಿನುದ್ದಕ್ಕೂ ತೆಳುವಾಗಿ ಹರಿದು, ಕೈ ನಿಧಾನವಾಗುವ ತಿರುವಿನಲ್ಲೂ ಪೆನ್ನು ಎತ್ತುವ ತುದಿಯಲ್ಲೂ ಶೇಖರಗೊಳ್ಳುತ್ತದೆ. ಒಣಗಿದ ಮೇಲೆ ಅಕ್ಷರದ ಹೊಟ್ಟೆ ಹಳದಿಯಾಗಿ, ತಲೆಕಟ್ಟಿನ ತುದಿ ಮತ್ತು ಕೊಂಬಿನ ಕೊನೆ ಹೊನ್ನುಗಂದು ಬಣ್ಣಕ್ಕೆ ತಿರುಗಿರುತ್ತವೆ. ಒಂದೇ ಅಕ್ಷರದೊಳಗೆ ಎರಡು ಛಾಯೆ ಕಾಣುವ ಈ ಗುಣ ರೋಡಿಯಾ ಬ್ರಾಂಡಿನ ಕಾಗದದಂಥ ನುಣುಪಾದ, ಶಾಯಿಯನ್ನು ಬೇಗ ಹೀರದ ಬಿಳಿ ಕಾಗದದಲ್ಲಿ ಚೆನ್ನಾಗಿ ಅರಳುತ್ತದೆ. ಸಾಮಾನ್ಯ ಜೆರಾಕ್ಸ್ ಕಾಗದದಲ್ಲಿ ಛಾಯೆ ಕಾಣದು. ಕೆನೆಬಣ್ಣದ ಕಾಗದವನ್ನು ದೂರವಿಡುವುದೇ ಲೇಸು.

ಯಾವ ಬೆಳಕಿನಲ್ಲಿ ಓದುತ್ತೀರಿ ಎಂಬುದೂ ಮುಖ್ಯ. ಕಿಟಕಿಯ ಬೆಳಕಿನಲ್ಲಿ ಮತ್ತು ಬಿಳಿಯ ಟ್ಯೂಬ್‌ಲೈಟಿನಲ್ಲಿ ಬರಹ ಸ್ಪಷ್ಟವಾಗಿರುತ್ತದೆ. ಹಳದಿ ಬೆಳಕಿನ ಬಲ್ಬಿನ ಕೆಳಗೆ ಅದೇ ಪುಟ ಮಸುಕಾಗುತ್ತದೆ, ವಿದ್ಯುತ್ ಹೋಗಿ ಮೇಣದಬತ್ತಿ ಹಚ್ಚಿದರೆ ಬಹುತೇಕ ಮಾಯವಾಗುತ್ತದೆ. ಅಂಥ ಬೆಳಕಿನಲ್ಲಿ ನೀಲಿಯೇ ಕಡಿಮೆಯಿರುವುದರಿಂದ ಶಾಯಿಗೆ ಹೀರಲು ಹೆಚ್ಚೇನೂ ಸಿಗುವುದಿಲ್ಲ, ಕಾಗದವೂ ಅಕ್ಷರವೂ ಹೆಚ್ಚುಕಡಿಮೆ ಒಂದೇ ಬಣ್ಣವಾಗುತ್ತವೆ. ರಾತ್ರಿ ದಿನಚರಿ ಬರೆಯುವವರು ಇದನ್ನು ಗಮನದಲ್ಲಿಡಬೇಕು.

ಪೆನ್ನಿನ ಶುಚಿತ್ವದಲ್ಲಿ ಈ ಬಣ್ಣ ರಾಜಿಗೆ ಒಪ್ಪದು. ಹಿಂದೆ ನೀಲಿ ಶಾಯಿ ತುಂಬಿದ್ದ ಪೆನ್ನಿನ ಫೀಡಿನಲ್ಲಿ (ನಿಬ್ಬಿಗೆ ಶಾಯಿ ಹರಿಸುವ ಭಾಗದಲ್ಲಿ) ತೊಟ್ಟಿನಷ್ಟು ಉಳಿದಿದ್ದರೂ ಮೊದಲ ಪುಟಗಳು ಹಸಿರಾಗುತ್ತವೆ. ತೊಳೆಯಲು ನಲ್ಲಿಯ ಕಾವೇರಿ ನೀರು ಸಾಕು. ಬೋರ್‌ವೆಲ್ಲಿನ ಗಡಸು ನೀರು ಬರುವ ಬಡಾವಣೆಯವರು ಕೊನೆಯ ಸಲ ಶುದ್ಧೀಕರಿಸಿದ ನೀರಿನಲ್ಲಿ ಜಾಲಿಸುವುದು ಒಳ್ಳೆಯದು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಪೆನ್ನನ್ನು ಬರೆಯದೆ ಇಟ್ಟರೆ ನೀರಿನಂಶ ಆರಿ ಶಾಯಿ ಗಟ್ಟಿಯಾಗುತ್ತದೆ, ಆಗ ಮೊದಲ ಸಾಲುಗಳು ಕಿತ್ತಳೆಯ ಕಡೆ ವಾಲುತ್ತವೆ. ಹಾಗಾಗಿ ಬೇಸಿಗೆಯಲ್ಲಿ ಕನ್ವರ್ಟರನ್ನು, ಅಂದರೆ ಪೆನ್ನಿನೊಳಗೆ ಶಾಯಿ ತುಂಬಿಡುವ ಕೊಳವೆಯನ್ನು, ಅರ್ಧ ಮಾತ್ರ ತುಂಬಿಸುತ್ತೇನೆ. ಇದು ನೀರು ತಾಳುವ ಶಾಯಿಯಲ್ಲ. ಅರ್ಜಿ, ಚೆಕ್ಕು, ವಿಳಾಸ ಇವುಗಳಿಗೆ ಬಳಸಬಾರದು.

ಕಪ್ಪುಬಿಳುಪು ಜೆರಾಕ್ಸಿನಲ್ಲಿಯೂ ಮೊಬೈಲಿನ ಸ್ಕ್ಯಾನ್ ಆ್ಯಪ್‌ಗಳಲ್ಲಿಯೂ ಹಳದಿ ಬರಹ ಅಳಿದುಹೋಗುವ ಸಂಭವ ಹೆಚ್ಚು. ಪುಟವನ್ನು ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಚಿತ್ರ ತಿದ್ದುವ ತಂತ್ರಾಂಶದಲ್ಲಿ ನೀಲಿ ಚಾನೆಲ್ಲನ್ನಷ್ಟೇ (ಚಿತ್ರದ ಕೆಂಪು, ಹಸಿರು, ನೀಲಿ ಪದರಗಳಲ್ಲಿ ನೀಲಿಯದನ್ನು ಮಾತ್ರ) ಉಳಿಸಿಕೊಂಡರೆ ಅಕ್ಷರಗಳು ಕಪ್ಪಾಗಿ ಮೂಡುತ್ತವೆ. ನನ್ನ ಟಿಪ್ಪಣಿಗಳನ್ನೆಲ್ಲ ಹೀಗೆಯೇ ಉಳಿಸಿಕೊಂಡಿದ್ದೇನೆ.

ಇದೇ ಬಣ್ಣದ ಆಸುಪಾಸಿನಲ್ಲಿ ಹುಡುಕುವವರಿಗೆ ಬೇರೆ ಕಂಪನಿಗಳ ಶಾಯಿಗಳೂ ಇವೆ. ಎರ್ಬಾನಿನ ‘ಬೂತೋಂ ದೋರ್’ ಇನ್ನೂ ತಿಳಿಯಾದ ಹಳದಿ, ಅಡಿಗೆರೆಗೆ ಸೊಗಸು. ಪೈಲಟ್ ಇರೋಶಿಜುಕುವಿನ ‘ಇನಾಹೊ’, ಈಗಲೂ ಸಿಕ್ಕರೆ, ಕಂದಿನತ್ತ ವಾಲುವುದರಿಂದ ಸಣ್ಣ ನಿಬ್ಬಿನವರಿಗೆ ಹೆಚ್ಚು ಅನುಕೂಲ. ನೂಡ್ಲರ್ಸ್‌ನ ‘ಅಪಾಚೆ ಸನ್‌ಸೆಟ್’ ಹಳದಿಯಿಂದ ಕಿತ್ತಳೆಯವರೆಗಿನ ಛಾಯೆಗೆ ಹೆಸರಾದದ್ದು. ಹಳದಿಯಾಗಿಯೇ ಉಳಿದು ಓದಿಸಿಕೊಳ್ಳುವ ಶಾಯಿ ಬೇಕೆಂಬ ಕಾರಣಕ್ಕೆ ನನ್ನ ಮತ ಅಂಬರ್‌ಗೆ. ಇದು 30 ಮಿ.ಲೀ. ಪ್ಲಾಸ್ಟಿಕ್ ಮತ್ತು 80 ಮಿ.ಲೀ. ಗಾಜಿನ ಬಾಟಲಿಗಳಲ್ಲಿ ಬರುತ್ತದೆ. ಚಿಕ್ಕದನ್ನು ಕೊಂಡು, ಪೆನ್ನಿಗೆ ಶಾಯಿ ತುಂಬಲು ಜೊತೆಗೊಂದು ಸಿರಿಂಜ್ ಇಟ್ಟುಕೊಂಡು, ನಿಮ್ಮಲ್ಲಿರುವ ಅತ್ಯಂತ ಅಗಲದ ನಿಬ್ಬಿನಲ್ಲಿ ಧಕಾರವೂ ಷಕಾರವೂ ಬರುವ ಒಂದು ಪುಟ ಬರೆದು ನೋಡಿದ ಮೇಲೆ ದೊಡ್ಡದನ್ನು ತರಿಸಿಕೊಳ್ಳಿ.