ಎಚ್ಚರಿಕೆ: ಬರೀ ಆಸಿಡ್ ಸುರಿದು ತೊಳೆದು ಗ್ಯಾರೇಜ್ ನೆಲಕ್ಕೆ ಎಪಾಕ್ಸಿ ಬಳಿಯಬೇಡಿ

ಕೆಟ್ಟುಹೋದ ನೆಲ ಹೇಗಿರುತ್ತದೆ ಅಂತ ಮೊದಲು ನೋಡಿ. ಎಪಾಕ್ಸಿ (ಎರಡು ಭಾಗ ಕಲಸಿ ಬಳಿಯುವ ಗಟ್ಟಿ ಲೇಪ) ಬಳಿದು ಮೂರು ತಿಂಗಳಾಗಿಲ್ಲ, ಕಾರಿನ ನಾಲ್ಕು ಚಕ್ರ ನಿಲ್ಲುವ ಕಡೆ ಅಂಗೈಯಗಲ ಹಕ್ಕಳೆ ಎದ್ದಿವೆ. ಉಳಿದ ನೆಲ ಇನ್ನೂ ಫಳಫಳ. ಇಂಥ ಹೊತ್ತಲ್ಲಿ ಎಲ್ಲರೂ ಬೈಯುವುದು ಡಬ್ಬದಲ್ಲಿ ಬಂದ ಮಾಲನ್ನು. ಬೈಯುವ ಮುಂಚೆ ಒಂದು ಹಕ್ಕಳೆ ಕಿತ್ತು ಬೋರಲು ಹಾಕಿ. ಹಿಂಬದಿಗೆ ಹಿಟ್ಟಿನಂಥ ಬೂದು ಪುಡಿ ಅಂಟಿದೆಯೆ, ಉಗುರಲ್ಲಿ ಕೆರೆದರೆ ಉದುರುತ್ತದೆಯೆ? ಹಾಗಾದರೆ ಎಪಾಕ್ಸಿ ತನ್ನ ಕೆಲಸ ಮಾಡಿದೆ, ಹಿಡಿದುಕೊಂಡಿದ್ದನ್ನು ಬಿಡದೆ ಎದ್ದು ಬಂದಿದೆ. ಅದಕ್ಕೆ ಹಿಡಿಯಲು ಸಿಕ್ಕಿದ್ದೇ ಸಿಮೆಂಟ್ ಹಾಲಿನ ಪೊರೆ.

ಕಾಂಕ್ರೀಟ್ ಹಾಕಿ ಕರಣೆಯಲ್ಲಿ ಉಜ್ಜುವಾಗ ನೀರಿನ ಜೊತೆ ನುಣ್ಣನೆಯ ಸಿಮೆಂಟು ಮೇಲೆದ್ದು ಬಂದು ಈ ಪೊರೆಯಾಗಿ ಒಣಗುತ್ತದೆ. ಕಣ್ಣಿಗೆ ನಯ, ಗಟ್ಟಿತನ ಇಲ್ಲ. ಓಡಿ ಬಂದ ಕಾರಿನ ಬಿಸಿ ಟೈರು ನಿಂತಲ್ಲೇ ತಣಿದು ಕುಗ್ಗುವಾಗ ಮೇಲಿನ ಲೇಪವನ್ನು ಎಳೆಯುತ್ತದೆ. ಪೊರೆ ಅಲ್ಲೇ ಸೋಲುತ್ತದೆ.

ಹಿಂಬದಿ ಗಾಜಿನಂತೆ ಶುಚಿಯಾಗಿದ್ದರೆ ಕಾರಣ ಬೇರೆ: ಹಳೆಯ ಸೀಲರ್ (ನೆಲದ ರಂಧ್ರ ಮುಚ್ಚುವ ಲೇಪ) ಅಥವಾ ಕ್ಯೂರಿಂಗ್ ಕಾಂಪೌಂಡ್ (ಹೊಸ ಕಾಂಕ್ರೀಟಿನ ನೀರು ಆರದಂತೆ ಸಿಂಪಡಿಸುವ ಲೇಪ) ಉಳಿದಿತ್ತು, ಇಲ್ಲವೇ ನೆಲ ಅತಿ ನುಣುಪಾಗಿತ್ತು. ಕಪ್ಪಗೆ ಜಿಡ್ಡಾಗಿದ್ದರೆ ಎಣ್ಣೆ. ಗುಳ್ಳೆ ಒಡೆದಾಗ ಒಳಗೆ ನೀರು ಕಂಡರೆ ತೇವ ಕೆಳಗಿನಿಂದ ಬರುತ್ತಿದೆ.

ಮೊದಲು ಹೇಳಿದ ನೆಲಕ್ಕೆ ಮಾಡಿದ್ದು ಇಷ್ಟೇ: ಹೈಡ್ರೋಕ್ಲೋರಿಕ್ ಆಸಿಡ್ ಸುರಿದರು, ಪೊರಕೆಯಲ್ಲಿ ತಿಕ್ಕಿದರು, ಎರಡು ಬಕೆಟ್ ನೀರು ಹೊಡೆದರು, ಮರುದಿನ ರೋಲರ್ ಹಿಡಿದರು. ಆಸಿಡ್ ಕೆಲಸ ಮಾಡುವುದು ಬರಿಯ ಸಿಮೆಂಟಿನ ಮೇಲೆ ಮಾತ್ರ. ಎಣ್ಣೆ, ಸೀಲರ್ ಇರುವ ಕಡೆ ನೊರೆಯೇ ಬರುವುದಿಲ್ಲ. ಉಕ್ಕಿನ ಕರಣೆಯಲ್ಲಿ ಬಿಗಿಯಾಗಿ ಉಜ್ಜಿದ ನೆಲವನ್ನು ಅದು ಅಲ್ಲಲ್ಲಿ ಕಚ್ಚುತ್ತದೆ, ಅಲ್ಲಲ್ಲಿ ಬಿಡುತ್ತದೆ. ಸರಿಯಾಗಿ ತೊಳೆಯದಿದ್ದರೆ ಉಳಿಯುವ ಕ್ಯಾಲ್ಸಿಯಂ ಕ್ಲೋರೈಡ್ ಉಪ್ಪು ತೇವ ಎಳೆದುಕೊಂಡು ಕೂರುತ್ತದೆ. ಆಸಿಡ್ಡೇ ಗತಿ ಎನ್ನುವವರು ನೀರಿಗೆ ಆಸಿಡ್ ಹಾಕಿ, ಆಸಿಡ್ಡಿಗೆ ನೀರು ಬೇಡ. ಆಮೇಲೆ ಅಡಿಗೆ ಸೋಡದ ನೀರಿನಲ್ಲಿ ಶಮನ ಮಾಡಿ, ಕಡೇಪಕ್ಷ ಮೂರು ಸಲ ತೊಳೆದು, ಪ್ರತಿ ಸಲವೂ ನೀರು ಒಣಗುವ ಮುಂಚೆ ವೆಟ್ ವ್ಯಾಕ್ಯೂಮಿನಲ್ಲಿ ಎಳೆಯಿರಿ. ಕೊನೆಯ ತೊಳೆತದ ನೀರು ಪಿಎಚ್ ಕಾಗದದಲ್ಲಿ ನಲ್ಲಿ ನೀರಿನಷ್ಟೇ ತೋರಿಸಬೇಕು. ಅಂದಹಾಗೆ, ಆಸಿಡ್ಡಿನ ಹೊಗೆ ಗ್ಯಾರೇಜಿನ ಸ್ಪ್ಯಾನರುಗಳಿಗೆಲ್ಲ ತುಕ್ಕು ಹಿಡಿಸುತ್ತದೆ.

ನಂಬಬಹುದಾದ್ದು ಡೈಮಂಡ್ ಗ್ರೈಂಡಿಂಗ್, ಅಂದರೆ ವಜ್ರದ ಹರಳು ಕೂರಿಸಿದ ಲೋಹದ ತುಂಡುಗಳಿರುವ ಯಂತ್ರದಿಂದ ನೆಲ ಕೆರೆಯುವುದು. ಆದರೆ ಎಣ್ಣೆ ತೆಗೆಯದೆ ಗ್ರೈಂಡರ್ ಮುಟ್ಟಬೇಡಿ, ಜಿಡ್ಡು ಇಡೀ ನೆಲಕ್ಕೆ ಹರಡುತ್ತದೆ. ಕ್ಷಾರದ ಡಿಗ್ರೀಸರ್ ಹಾಕಿ, ಗಟ್ಟಿ ಬ್ರಷ್‌ನಲ್ಲಿ ತಿಕ್ಕಿ, ಬಿಸಿನೀರಲ್ಲಿ ತೊಳೆಯಿರಿ. ಒಣಗಿದ ಮೇಲೂ ಕಲೆ ಕಪ್ಪಗಿದ್ದರೆ ಮತ್ತೊಮ್ಮೆ. ಎಷ್ಟು ಮಾಡಿದರೂ ಎಣ್ಣೆ ಜಿನುಗುವ ಜಾಗವನ್ನು ಉಳಿಯಿಂದ ಕೆತ್ತಿ ತೆಗೆದು ಎಪಾಕ್ಸಿ ಮಾರ್ಟರ್ (ಮರಳು ಬೆರೆಸಿದ ಎಪಾಕ್ಸಿ) ತುಂಬುವುದೇ ಸರಿ.

ಗ್ರೈಂಡರ್‌ಗೆ 30 ಅಥವಾ 40 ಗ್ರಿಟ್‌ನ (ಸಂಖ್ಯೆ ಕಡಿಮೆಯಾದಷ್ಟೂ ಒರಟು) ಲೋಹದ ಸೆಗ್ಮೆಂಟ್ ಹಾಕಿ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಓಡಿಸಿ. ಗೋಡೆಯಂಚಿಗೆ ಕೈ ಗ್ರೈಂಡರ್, ಕಪ್ ವೀಲ್. ಇನ್ನೂ ನುಣುಪಾಗಲಿ ಅಂತ 100, 200 ಗ್ರಿಟ್ ಏರಿಸಿದಿರೋ, ಮಾಡಿದ್ದೆಲ್ಲ ಹಾಳು. ಅದು ಪಾಲಿಶ್ ಆಗುತ್ತದೆ. ಕೈಯಾಡಿಸಿದರೆ ಉಪ್ಪುಕಾಗದದಂತೆ ತರಿತರಿ ಸಿಗಬೇಕು, ಮರಳಿನ ಕಣ ಕಣ್ಣಿಗೆ ಕಾಣಬೇಕು. ಕಾಂಕ್ರೀಟ್ ದುರಸ್ತಿಯವರು ನೆಲದ ತರಿತನ ಅಳೆಯಲು ಬಳಸುವ ಸಿಎಸ್‌ಪಿ ಮಾಪನದಲ್ಲಿ ಇದು 2ರಿಂದ 3. ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಅಪಾಯ. ಗ್ರೈಂಡರ್‌ಗೆ ವ್ಯಾಕ್ಯೂಮ್ ಜೋಡಿಸಿ, ಮುಖಕ್ಕೆ ಬಟ್ಟೆಯ ಬದಲು ಎನ್95 ಇಲ್ಲವೇ ಪಿ100 ಮಾಸ್ಕ್ ಹಾಕಿ.

ಈಗ ಅಲ್ಲಲ್ಲಿ ಒಂದೊಂದು ಹನಿ ನೀರು ಬಿಡಿ. ನಿಮಿಷದೊಳಗೆ ಹೀರಿ ನೆಲ ಕಪ್ಪಾಗಬೇಕು. ಮುತ್ತಿನಂತೆ ನಿಂತರೆ ಆ ಜಾಗ ಸಿದ್ಧವಿಲ್ಲ.

ತೇವದ ಪರೀಕ್ಷೆಗೆ 45 ಸೆಂ.ಮೀ. ಚದರದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ, ಕನಿಷ್ಠ 16 ಗಂಟೆ ಬಿಡಿ. ಕೆಳಗೆ ಹನಿಗಟ್ಟಿದ್ದರೆ ಅಥವಾ ನೆಲದ ಬಣ್ಣ ಗಾಢವಾಗಿದ್ದರೆ ನಿಲ್ಲಿಸಿ. ಒಣಗಿದೆ ಅಂತ ಕಂಡರೂ ಪೂರ್ತಿ ಖಾತ್ರಿಯಲ್ಲ, ಆಳದ ತೇವ ಈ ಹಾಳೆಗೆ ಸಿಗದೆ ತಪ್ಪಿಸಿಕೊಳ್ಳಬಹುದು. ಅನುಮಾನವಿದ್ದರೆ ರಂಧ್ರ ಕೊರೆದು ತೇವಮಾಪಕ ಇಡಿಸಿ. ಹೊಸ ಕಾಂಕ್ರೀಟಾದರೆ ಬಳಿಯುವ ಮುಂಚೆ ಕಡಿಮೆಯೆಂದರೆ 28 ದಿನ ಕಾಯಿರಿ.

ಬಿರುಕುಗಳ ಬಾಯಿ ಅಗಲಿಸಿ ಎಪಾಕ್ಸಿ ಪೇಸ್ಟ್ ತುಂಬಿ. ವಿಸ್ತರಣೆಗೆಂದು ಬಿಟ್ಟ ಸಂದುಗಳನ್ನು ಮಾತ್ರ ಗಟ್ಟಿ ಮಾಲಿನಿಂದ ಮುಚ್ಚಬೇಡಿ.

ಬಳಿಯುವ ದಿನ ನೆಲದ ಉಷ್ಣಾಂಶ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ಉಷ್ಣಾಂಶ) ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಲಿ. ನೆಲ ಬಿಸಿಯೇರುವ ಬೆಳಗಿಗಿಂತ ತಣಿಯುವ ಸಂಜೆ ಒಳ್ಳೆಯದು. ಬಿಸಿಗೆ ಕಾಂಕ್ರೀಟಿನ ಸಣ್ಣ ರಂಧ್ರಗಳೊಳಗಿನ ಗಾಳಿ ಉಬ್ಬಿ ಗುಳ್ಳೆ ಎಬ್ಬಿಸುತ್ತದೆ. ಎಪಾಕ್ಸಿಯ ಎರಡೂ ಭಾಗ ಕಲಸಿದ ಮೇಲೆ ಬೇರೆ ಬಕೆಟ್ಟಿಗೆ ಸುರಿದು ಮತ್ತೆ ಕಲಸಿ. ಮೊದಲ ಬಕೆಟ್ಟಿನ ಅಂಚಿಗೆ ಅಂಟಿದ ಅರೆಬೆರೆತ ಮಾಲನ್ನು ಕೆರೆದು ನೆಲಕ್ಕೆ ಹಾಕಿದರೆ ಅಲ್ಲಿ ತಿಂಗಳಾದರೂ ಅಂಟಂಟು ಹೋಗುವುದಿಲ್ಲ.

ಈಗಾಗಲೇ ಹಕ್ಕಳೆ ಎದ್ದಿದ್ದರೆ ಎದ್ದ ಜಾಗಕ್ಕಷ್ಟೇ ತೇಪೆ ಹಾಕಬೇಡಿ. ಸುತ್ತ ಒಂದು ನಾಣ್ಯದಿಂದ ತಟ್ಟುತ್ತ ಹೋಗಿ. ಟೊಳ್ಳು ಸದ್ದು ನಿಲ್ಲುವ ಕಡೆ ಸೀಮೆಸುಣ್ಣದ ಗೆರೆ ಎಳೆದು, ಗೆರೆಯಿಂದಲೂ ಗೇಣು ಆಚೆಯವರೆಗೆ ಗ್ರೈಂಡ್ ಮಾಡಿ ತೆಗೆಯಿರಿ.