ಧ್ವನಿ ಹೋಲಿಕೆಗೆ ಪ್ರಾಟ್ ಮತ್ತು ಆರ್: ಐದು ವರ್ಷ ಬಳಸಿದ ಮೇಲೆ

ಕೋರ್ಟಿಗೆ ಹೋಗುವ ಫೋನ್ ರೆಕಾರ್ಡಿಂಗ್‌ಗಳ ಧ್ವನಿ ಹೋಲಿಸುವುದು ನನ್ನ ಕೆಲಸ. ಮೈಸೂರು, ಮಂಡ್ಯದ ವಕೀಲರು ವರದಿಗಾಗಿ ಬರುತ್ತಾರೆ. ಧ್ವನಿ ಅಳೆಯಲು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪ್ರಾಟ್ ಅನ್ನುವ ಸಾಫ್ಟ್‌ವೇರ್, ಲೆಕ್ಕಕ್ಕೆ ಆರ್ ಅನ್ನುವ ಸಾಫ್ಟ್‌ವೇರ್. ಐದು ವರ್ಷದಿಂದ ಇವೆರಡೇ. ಎರಡೂ ಉಚಿತ, ಹಳೇ ಲ್ಯಾಪ್‌ಟಾಪಿನಲ್ಲೂ ಚೆನ್ನಾಗಿ ಓಡುತ್ತವೆ.

ಪ್ರಾಟ್ ಬಗ್ಗೆ ಒಂದೇ ಎಚ್ಚರಿಕೆ. ಫಾರ್ಮಂಟ್ ಅಂದರೆ ಬಾಯಿ, ಗಂಟಲಿನ ಆಕಾರದಿಂದ ಸ್ವರದಲ್ಲಿ ಜೋರಾಗುವ ಕಂಪನ. ಅದನ್ನು ಹುಡುಕುವ ಮಿತಿ ಮೊದಲೇ 5500 ಹರ್ಟ್ಸ್‌ಗೆ ಇಟ್ಟಿರುತ್ತದೆ. ಅದು ಹೆಂಗಸರ ಧ್ವನಿಗೆ. ಗಂಡಸರದಾದರೆ 5000ಕ್ಕೆ ಇಳಿಸಿಕೊಳ್ಳಿ.

ನಿಜವಾದ ವಿಷಯ ಇರುವುದು ಆರ್‌ನಲ್ಲಿ ಮಾಡುವ ಲೆಕ್ಕದಲ್ಲಿ. ನಾನು ಬಳಸುವುದು ಏಟ್ಕೆನ್ ಮತ್ತು ಲೂಸಿ 2004ರಲ್ಲಿ ಕೊಟ್ಟ ಸೂತ್ರ. ಎರಡೂ ಧ್ವನಿ ಒಬ್ಬನದೇ ಆಗಿದ್ದರೆ ಇಂಥ ಅಳತೆ ಸಿಗುವ ಸಾಧ್ಯತೆ ಎಷ್ಟು? ಬೇರೆ ಬೇರೆಯವರದಾಗಿದ್ದರೆ ಎಷ್ಟು? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಲೈಕ್ಲಿಹುಡ್ ರೇಶಿಯೋ, ಅಂದರೆ ಎಲ್‌ಆರ್.

ಎರಡನೇ ಪ್ರಶ್ನೆಯಲ್ಲೇ ಎಡವುವುದು ಜಾಸ್ತಿ. ಮಂಡ್ಯ ಕಡೆ ಎಷ್ಟೋ ಜನ ಹಾಲಿಗೆ 'ಆಲು' ಅಂತಾರೆ, ಹೋಗು ಅನ್ನಲು 'ಓಗು' ಅಂತಾರೆ. ಹೊರಗಿನವರ ಕಿವಿಗೆ ಎರಡು ರೆಕಾರ್ಡಿಂಗ್‌ನಲ್ಲೂ ಅದು ಬಿದ್ದರೆ ಒಬ್ಬನೇ ಅನ್ನಿಸಿಬಿಡುತ್ತದೆ. ಊರೆಲ್ಲ ಹಾಗೇ ಮಾತಾಡುವ ಕಡೆ ಆ ಹೋಲಿಕೆಗೆ ಎಷ್ಟು ತೂಕ ಕೊಡೋದು ಹೇಳಿ? ಫಾರ್ಮಂಟ್ ಅಳತೆಗೂ ಇದೇ ಮಾತು.

ಹಾಗಾಗಿ ಎರಡನೇ ಪ್ರಶ್ನೆಗೆ ಬೇರೆ ಜನರ ಧ್ವನಿ ಸಂಗ್ರಹ ಬೇಕು. ಶುರುವಿನಲ್ಲಿ ನಾನು ಹೋಲಿಕೆಗೆ ಇಟ್ಟುಕೊಂಡಿದ್ದು ಸ್ಟುಡಿಯೋದಲ್ಲಿ ಪುಸ್ತಕ ಓದಿಸಿ ಹಿಡಿದ ಧ್ವನಿಗಳು. ಕೇಸಿಗೆ ಬಳಸುವ ಮೊದಲು, ಯಾರದೆಂದು ಗೊತ್ತಿರುವ ಫೋನ್ ಧ್ವನಿಗಳ ಮೇಲೆ ಪರೀಕ್ಷೆ ಮಾಡಿದೆ. ಇದಕ್ಕೆ ಬ್ರೂಮರ್ ಮತ್ತು ದು ಪ್ರೀಜ್ 2006ರಲ್ಲಿ ಕೊಟ್ಟ ಸಿಎಲ್‌ಎಲ್‌ಆರ್ ಅನ್ನುವ ಅಳತೆ ಇದೆ, ಎಲ್‌ಆರ್‌ಗಳು ಒಟ್ಟಾರೆ ಎಷ್ಟು ದಾರಿ ತಪ್ಪಿಸುತ್ತವೆ ಎಂದು ಹೇಳುತ್ತದೆ. ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು. ಪ್ರತಿ ಜೋಡಿಗೂ 'ಎಲ್‌ಆರ್ 1', ಅಂದರೆ ಏನೂ ಹೇಳಲಾರೆ, ಎಂದು ಉತ್ತರಿಸಿದರೆ 1 ಬರುತ್ತದೆ. ನನಗೆ 1ಕ್ಕಿಂತ ಜಾಸ್ತಿ ಬಂತು. ಏನೂ ಹೇಳದಿರುವುದೇ ಅದಕ್ಕಿಂತ ವಾಸಿ. ತಪ್ಪು ಉತ್ತರವನ್ನು ಖಚಿತವೆಂಬಂತೆ ಹೇಳಿದರೆ ಈ ಅಳತೆ ಹೆಚ್ಚು ದಂಡ ಹಾಕುತ್ತದೆ. ಅದಕ್ಕೇ ನನಗೆ ಇದರ ಮೇಲೆ ನಂಬಿಕೆ.

ಆಮೇಲೆ ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣ ಸುತ್ತಿದೆ. 32 ಗಂಡಸರ ಒಪ್ಪಿಗೆ ಪಡೆದು, ಒಬ್ಬೊಬ್ಬರನ್ನೂ ಎರಡೆರಡು ದಿನ ಫೋನಿನಲ್ಲೇ ಮಾತಾಡಿಸಿ ರೆಕಾರ್ಡ್ ಮಾಡಿದೆ. ಫೋನ್ ದಾರಿಯಲ್ಲಿ ಕೆಳಗಿನ ಕಂಪನಗಳು ಕಟ್ ಆಗಿ 'ಇ', 'ಉ' ಸ್ವರದ ಮೊದಲ ಫಾರ್ಮಂಟ್ ಮೇಲಕ್ಕೆ ಸರಿದಂತೆ ಕಾಣುತ್ತದೆ. ಎದುರು ಕೂತು ರೆಕಾರ್ಡ್ ಮಾಡಿದ್ದರೆ ಕೇಸಿನ ಧ್ವನಿಗೆ ಹೊಂದುತ್ತಿರಲಿಲ್ಲ. ಒಬ್ಬರು ಆಲೆಮನೆಯಿಂದಲೇ ಮಾತಾಡಿದರು. ಕಬ್ಬು ಅರೆಯುವ ಗಾಣದ ಸದ್ದಿನಲ್ಲಿ ಫಾರ್ಮಂಟ್ ಗೆರೆ ಚೆದುರಿಹೋಗಿತ್ತು. "ಸಂಜೆ ಮಾಡಿ ಸಾ, ಗಾಣ ನಿಂತಿರ್ತದೆ" ಅಂದರು. ಸಂಜೆ ಮಾಡಿದಾಗ 'ಆಯ್ತು' ಅನ್ನುವುದರ 'ಆ' ನೀಟಾಗಿ ಸಿಕ್ಕಿತು.

32 ಜನ ಅಂದರೆ ಒಬ್ಬರದೇ ಜೋಡಿ 32, ಬೇರೆಯವರ ಜೋಡಿ 496. ಪರೀಕ್ಷೆಗೆ ಇಟ್ಟವರನ್ನು ಪ್ರತಿಸಲ ಹೊರಗಿಟ್ಟು ಕ್ಯಾಲಿಬ್ರೇಷನ್ ಮಾಡಿದೆ, ಅಂದರೆ ಉತ್ತರ ಗೊತ್ತಿರುವ ಜೋಡಿಗಳನ್ನು ನೋಡಿ ಎಲ್‌ಆರ್‌ಗಳನ್ನು ಸರಿಹೊಂದಿಸಿದೆ. ಸಿಎಲ್‌ಎಲ್‌ಆರ್ 1ರ ಕೆಳಗೆ ಇಳಿಯಿತು. ದೊಡ್ಡ ದೊಡ್ಡ ಎಲ್‌ಆರ್‌ಗಳೂ ಕುಗ್ಗಿದವು. ಕಕ್ಷಿದಾರರಿಗೆ ಬೇಜಾರಾಗುತ್ತದೆ, ಆದರೆ ಸರಿಯಾಗಿರುವುದು ಆ ಸಣ್ಣ ಸಂಖ್ಯೆಯೇ.

ಒಬ್ಬ ಯುವ ವಕೀಲರು ವರದಿ ನೋಡಿ, "ಎಲ್‌ಆರ್ 100 ಅಂದ್ರೆ ನೂರಕ್ಕೆ ತೊಂಬತ್ತೊಂಬತ್ತು ಅವನೇ ಅಲ್ವಾ ಸಾರ್?" ಎಂದರು. ಅಲ್ಲ. ಉಳಿದ ಸಾಕ್ಷ್ಯ ನೋಡಿ ಮೊದಲು 'ಅವನೇ' ಅನ್ನುವುದಕ್ಕೆ 1, 'ಅವನಲ್ಲ' ಅನ್ನುವುದಕ್ಕೆ 1000 ಅಂತಿದ್ದರೆ, ಈಗ 1ಕ್ಕೆ 10 ಆಗುತ್ತದೆ, ಅಷ್ಟೇ. ಉಳಿದ ಸಾಕ್ಷ್ಯ ತೂಗುವುದು ಜಡ್ಜ್ ಕೆಲಸ. ಈಗ ಪ್ರತಿ ವರದಿಯ ಮೊದಲ ಪುಟದಲ್ಲೇ ಈ ಲೆಕ್ಕ ಬರೆಯುತ್ತೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಆರ್ ಕಲಿಯಲು ನನಗೆ ಎಂಟು ತಿಂಗಳು ಹಿಡಿಯಿತು, ಕನ್ನಡದಲ್ಲಿ ಹೇಳಿಕೊಡುವವರು ಸಿಗಲಿಲ್ಲ. ಹೆಂಗಸರ ಧ್ವನಿ ಸಂಗ್ರಹ ಇನ್ನೂ ನಡೆಯುತ್ತಿದೆ. ಅದು ಮುಗಿದು ಪರೀಕ್ಷೆ ಆಗುವ ತನಕ ಅಂಥ ಕೇಸು ಬಂದರೆ ವಾಪಸ್ ಕಳಿಸುತ್ತಿದ್ದೇನೆ.