ಎಂಜಿನ್ ಕೂರಿಸುವ ಮುನ್ನ ಒಂದೆಳೆ ಹಸಿರು ದಾರ: ಪ್ಲಾಸ್ಟಿಗೇಜ್ ಹೇಗಿದೆ?

ಗುಜರಿಯಿಂದ ತಂದ ಮಾರುತಿ ಎಸ್ಟೀಮ್ ಕಾರಿನ 1.3 ಲೀಟರ್ ಜಿ13 ಎಂಜಿನ್ನನ್ನು ಮಾರುತಿ ಜಿಪ್ಸಿ ಕಿಂಗ್ ಜೀಪಿಗೆ ಕೂರಿಸುವಾಗ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಕ್ಲಚ್ ಸೆಟ್ ಎಲ್ಲವೂ ಹೊಸದಾಗುತ್ತವೆ. ಸಂಪ್ (ಎಂಜಿನ್ ಅಡಿಯ ಎಣ್ಣೆ ತೊಟ್ಟಿ) ಬಿಚ್ಚಿ, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ಕೂತಿರುವ ಬೇರಿಂಗ್ ನೋಡುವವರು ಮಾತ್ರ ಕಡಿಮೆ. ಎಂಜಿನ್ ಇನ್ನೂ ಸ್ಟ್ಯಾಂಡ್ ಮೇಲಿರುವಾಗ ಆ ಕೆಲಸ ಮಾಡಿಕೊಡುವ ಅಗ್ಗದ ಸಾಧನವೆಂದರೆ ಪ್ಲಾಸ್ಟಿಗೇಜ್. ಮೇಣದಂತೆ ಮೆತ್ತಗಿರುವ ತೆಳು ದಾರ ಅದು, ಕ್ರ್ಯಾಂಕ್‌ಗೂ ಬೇರಿಂಗ್‌ಗೂ ನಡುವೆ ಚಪ್ಪಟೆಯಾಗಿ ಅಲ್ಲಿನ ಸಂದು ಎಷ್ಟೆಂದು ತೋರಿಸುತ್ತದೆ. ಅಳತೆಪಟ್ಟಿ ಅದರ ಪೊಟ್ಟಣದ ಮೇಲೇ ಅಚ್ಚಾಗಿರುತ್ತದೆ.

ಕೊಳ್ಳುವಾಗ ಬಣ್ಣ ನೋಡಿ. ಹಸಿರು ದಾರ 0.025ರಿಂದ 0.076 ಮಿ.ಮೀ. ಸಂದು ಅಳೆಯುತ್ತದೆ, ಕೆಂಪು 0.05ರಿಂದ 0.15, ನೀಲಿ 0.10ರಿಂದ 0.23. ಜಿ13ರ ಮೇನ್ ಬೇರಿಂಗ್‌ನ ಸಂದು 0.020ರಿಂದ 0.040 ಮಿ.ಮೀ. ಇರಬೇಕು, 0.060 ದಾಟಿದರೆ ಶೆಲ್ (ಬೇರಿಂಗ್‌ನ ಅರ್ಧವೃತ್ತದ ತೆಳು ಹೋಳು) ಬದಲಿಸಲೇಬೇಕು. ಹಾಗಾಗಿ ಹಸಿರೊಂದೇ ಸಾಕು.

ಎಂಜಿನ್ನನ್ನು ಬೋರಲು ಹಾಕಿ ಅಳೆಯುವುದೇ ಸರಿ. ಗಾಡಿಯಡಿ ಮಲಗಿ ಸಂಪ್ ಮಾತ್ರ ಬಿಚ್ಚಿ ಅಳೆದರೆ ಕ್ರ್ಯಾಂಕ್‌ನ ಭಾರವೆಲ್ಲ ಕೆಳಗಿನ ಕ್ಯಾಪ್ (ಬೇರಿಂಗನ್ನು ಹಿಡಿದಿಡುವ ಮುಚ್ಚಳ) ಮೇಲೆ ಕೂತು, ಇರುವುದಕ್ಕಿಂತ ಕಡಿಮೆ ಸಂದು ತೋರುತ್ತದೆ. ಸವೆದ ಬೇರಿಂಗ್ ಪಾಸಾಗಿಬಿಡುವುದು ಹೀಗೆಯೇ. ಜರ್ನಲ್ (ಬೇರಿಂಗ್‌ನಲ್ಲಿ ತಿರುಗುವ ಕ್ರ್ಯಾಂಕ್‌ನ ನುಣುಪು ಭಾಗ) ಮತ್ತು ಶೆಲ್ ಎರಡರಿಂದಲೂ ಎಣ್ಣೆಯನ್ನು ಪೂರ್ತಿ ಒರೆಸಿ, ಏಕೆಂದರೆ ಎಣ್ಣೆಯಲ್ಲಿ ಈ ದಾರ ಕರಗುತ್ತದೆ. ಶೆಲ್‌ನ ಅಗಲದಷ್ಟು ತುಂಡನ್ನು ಜರ್ನಲ್ ಮೇಲೆ ಉದ್ದಕ್ಕೆ, ಎಣ್ಣೆ ತೂತಿನಿಂದ ದೂರವಾಗಿ ಇಡಿ. ಕ್ಯಾಪನ್ನು ಅದರದೇ ಜಾಗದಲ್ಲಿ, ಬಾಣದ ಗುರುತು ಪುಲ್ಲಿ ಕಡೆ ಬರುವಂತೆ ಕೂರಿಸಿ. ಮೇನ್ ಕ್ಯಾಪ್ ಬೋಲ್ಟ್‌ಗಳನ್ನು ಹಂತ ಹಂತವಾಗಿ 50ರಿಂದ 57 ನ್ಯೂಟನ್ ಮೀಟರ್‌ಗೆ, ಕನೆಕ್ಟಿಂಗ್ ರಾಡ್ ನಟ್‌ಗಳನ್ನು 33ರಿಂದ 37ಕ್ಕೆ ಟಾರ್ಕ್ ರೆಂಚ್‌ನಲ್ಲೇ ಬಿಗಿಯಿರಿ. ಇಲ್ಲಿಂದ ಮುಂದೆ ಕ್ರ್ಯಾಂಕ್ ಒಂದಿಷ್ಟೂ ತಿರುಗಬಾರದು. ತಿರುಗಿದರೆ ದಾರ ಬಳಿದುಕೊಂಡು ಹೋಗುತ್ತದೆ, ಮತ್ತೆ ಮೊದಲಿನಿಂದ ಶುರು.

ಕ್ಯಾಪ್ ಬಿಚ್ಚಿದಾಗ ದಾರ ಚಪ್ಪಟೆ ಪಟ್ಟಿಯಾಗಿ ಜರ್ನಲ್‌ಗೋ ಶೆಲ್‌ಗೋ ಅಂಟಿರುತ್ತದೆ. ಅತಿ ಅಗಲವಾದ ಜಾಗಕ್ಕೆ ಪೊಟ್ಟಣದ ಪಟ್ಟಿ ಹಿಡಿದು ಓದಿ. ಅಗಲ ಹೆಚ್ಚಾದಷ್ಟೂ ಸಂದು ಕಡಿಮೆ. ಚಪ್ಪಟೆಯಾದ ದಾರದ ಒಂದು ತುದಿ ಅಗಲ, ಇನ್ನೊಂದು ತುದಿ ಸಣ್ಣ ಬಂದರೆ ಜರ್ನಲ್ ಓರೆಯಾಗಿ ಸವೆದಿದೆ ಎಂದರ್ಥ. ಅದಕ್ಕೆ ಹೊಸ ಶೆಲ್ ಹಾಕಿ ಪ್ರಯೋಜನವಿಲ್ಲ, ಕ್ರ್ಯಾಂಕನ್ನು ಗ್ರೈಂಡಿಂಗ್‌ಗೆ ಕೊಟ್ಟು 0.25 ಮಿ.ಮೀ. ಅಂಡರ್‌ಸೈಜ್ (ಉಜ್ಜಿ ಸಣ್ಣದಾದ ಜರ್ನಲ್‌ಗೆ ಹೊಂದುವ) ಶೆಲ್ ತರಬೇಕು.

ಇದರ ಮಿತಿಯೂ ಗೊತ್ತಿರಲಿ. ಜಿ13ಕ್ಕೆ ಐದು ದರ್ಜೆಯ ಶೆಲ್‌ಗಳಿವೆ: ಹಸಿರು, ಕಪ್ಪು, ಬಣ್ಣವಿಲ್ಲದ್ದು, ಹಳದಿ, ನೀಲಿ. ಒಂದಕ್ಕೂ ಇನ್ನೊಂದಕ್ಕೂ ದಪ್ಪದಲ್ಲಿ 0.003 ಮಿ.ಮೀ. ಅಷ್ಟೇ ವ್ಯತ್ಯಾಸ. ಅಷ್ಟು ಸೂಕ್ಷ್ಮ ಈ ದಾರಕ್ಕೆ ಸಿಗದು. ಕ್ರ್ಯಾಂಕ್ ವೆಬ್ (ಜರ್ನಲ್‌ಗಳನ್ನು ಜೋಡಿಸುವ ತೋಳು) ಮೇಲಿನ 1, 2, 3 ಮತ್ತು ಬ್ಲಾಕ್ ಮೇಲಿನ ಎ, ಬಿ, ಸಿ ಗುರುತುಗಳನ್ನು ಓದಿ ಶೆಲ್ ಆರಿಸಬೇಕು, ಆಮೇಲೆ ದಾರದಿಂದ ಪರೀಕ್ಷಿಸಬೇಕು. ಎಣ್ಣೆ ಹರಿಯುವ ತೋಡಿರುವ ಅರ್ಧ ಶೆಲ್ ಬ್ಲಾಕ್ ಕಡೆಗೆ, ನುಣುಪಾದದ್ದು ಕ್ಯಾಪ್ ಕಡೆಗೆ. ಅದಲುಬದಲಾದರೆ ಕ್ರ್ಯಾಂಕ್‌ಗೆ ಎಣ್ಣೆ ಸರಿಯಾಗಿ ತಲುಪದು.

ದೊಡ್ಡ ಕೊರತೆ ಇನ್ನೊಂದಿದೆ, ಕ್ಲಚ್ ತಕರಾರು ಹುಟ್ಟುವುದೂ ಅಲ್ಲೇ. ಕ್ರ್ಯಾಂಕ್ ಹಿಂದೆ ಮುಂದೆ ಎಷ್ಟು ಜಾರುತ್ತದೆ ಎಂಬುದನ್ನು ದಾರ ಹೇಳುವುದಿಲ್ಲ. ಕ್ಲಚ್ ಪೆಡಲ್ ಒತ್ತಿದಾಗಲೆಲ್ಲ ರಿಲೀಸ್ ಬೇರಿಂಗ್ ಕ್ಲಚ್‌ನ ಡಯಾಫ್ರಮ್ ಸ್ಪ್ರಿಂಗನ್ನು ತಳ್ಳುತ್ತದೆ, ಆ ಒತ್ತಡ ಫ್ಲೈವೀಲ್ (ಕ್ರ್ಯಾಂಕ್ ತುದಿಗೆ ಬಿಗಿದ ಭಾರದ ಚಕ್ರ) ದಾಟಿ, ಕ್ರ್ಯಾಂಕ್ ಹಿಂದೆ ಮುಂದೆ ಜಾರದಂತೆ ತಡೆಯುವ ಥ್ರಸ್ಟ್ ಬೇರಿಂಗ್ ಮೇಲೆ ಬೀಳುತ್ತದೆ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸಿದ ಗಾಡಿಯ ಎಂಜಿನ್ ಆಗಿದ್ದರೆ ಅದು ಸವೆದಿರುತ್ತದೆ. ಆಗ ಪೆಡಲ್ ಒತ್ತಿದರೆ ಮೊದಲು ಫ್ಲೈವೀಲೇ ಮುಂದಕ್ಕೆ ಜಾರುತ್ತದೆ, ಪೆಡಲ್ ಓಟದ ಒಂದು ಪಾಲು ಅಲ್ಲೇ ವ್ಯರ್ಥ. ಕ್ಲಚ್ ಪೂರ್ತಿ ಬಿಡದೆ ರಿವರ್ಸ್ ಗೇರ್ ಕರಕರ ಅನ್ನುತ್ತದೆ. ಕೇಬಲ್ ಎಳೆದರೂ, ಕ್ಲಚ್ ಪ್ಲೇಟ್ ಮತ್ತೊಮ್ಮೆ ಬದಲಿಸಿದರೂ ಮೂಲ ದೋಷ ಹಾಗೇ ಉಳಿಯುತ್ತದೆ. ಕ್ರ್ಯಾಂಕ್ ತುದಿಗೆ ಡಯಲ್ ಗೇಜ್ (ಸೂಕ್ಷ್ಮ ಚಲನೆಯನ್ನು ಮುಳ್ಳಿನಿಂದ ತೋರುವ ಅಳತೆ ಸಾಧನ) ಇಟ್ಟು, ಸ್ಕ್ರೂಡ್ರೈವರ್‌ನಿಂದ ಕ್ರ್ಯಾಂಕನ್ನು ಹಿಂದೆ ಮುಂದೆ ಮೀಟಿ ನೋಡಿ. 0.11ರಿಂದ 0.31 ಮಿ.ಮೀ. ಇದ್ದರೆ ಸರಿ, 0.38 ದಾಟಿದರೆ ಹೊಸ ಥ್ರಸ್ಟ್ ಬೇರಿಂಗ್ ಬೇಕು. ಅದರ ಎಣ್ಣೆ ತೋಡಿರುವ ಮುಖ ಕ್ರ್ಯಾಂಕ್ ವೆಬ್ ಕಡೆಗಿರಬೇಕು.

ಇದೇ ಲಕ್ಷಣ ತೋರುವ ಇನ್ನೊಂದು ಜಾಗ ಪೈಲಟ್ ಬೇರಿಂಗ್. ಜಿಪ್ಸಿಯ ಗೇರ್‌ಬಾಕ್ಸ್ ಶಾಫ್ಟಿನ ಮೂತಿ ಫ್ಲೈವೀಲ್ ನಡುವಿನ ಈ ಬೇರಿಂಗ್‌ನಲ್ಲಿ ಕೂರುತ್ತದೆ. ಆದ್ದರಿಂದ ಜಿಪ್ಸಿಯ ಫ್ಲೈವೀಲನ್ನೇ ಉಳಿಸಿಕೊಳ್ಳಿ, ಬೇರಿಂಗ್ ಹೊಸದು ಹಾಕಿ. ಅದು ಜಾಮ್ ಆದರೆ ಕ್ಲಚ್ ಒತ್ತಿದರೂ ಶಾಫ್ಟ್ ಫ್ಲೈವೀಲ್ ಜೊತೆಗೇ ತಿರುಗುತ್ತದೆ. ಗೇರ್‌ಬಾಕ್ಸ್ ಒಳಗೆ ಹೋಗದಿದ್ದಾಗ ಬೋಲ್ಟ್ ಬಿಗಿದು ಎಳೆಯುವುದೂ ಬೇಡ. ಕ್ಲಚ್ ಪ್ಲೇಟಿನ ಹಬ್ ಬಾಗಿ, ಹೊಸ ಪ್ಲೇಟೇ ಹಾಳಾಗುತ್ತದೆ. ಪ್ಲೇಟನ್ನು ಅಲೈನ್‌ಮೆಂಟ್ ಟೂಲ್‌ನಿಂದ ನಡುವಿಗೆ ತಂದು, ಕವರ್ ಬೋಲ್ಟ್‌ಗಳನ್ನು ಎದುರುಬದುರಾಗಿ 18ರಿಂದ 28 ನ್ಯೂಟನ್ ಮೀಟರ್‌ಗೆ ಬಿಗಿದರೆ ಗೇರ್‌ಬಾಕ್ಸ್ ಕೈಯಲ್ಲೇ ಜಾರಿ ಕೂರುತ್ತದೆ.

ಪ್ಲಾಸ್ಟಿಗೇಜ್ ಖಂಡಿತ ಕೊಳ್ಳಿ, ಜೊತೆಗೆ ಡಯಲ್ ಗೇಜೂ ಇರಲಿ. ಹಳೆಯ ಸ್ಟಾಕ್ ಮಾತ್ರ ಬೇಡ, ಒಣಗಿದ ದಾರ ಸರಿಯಾಗಿ ಚಪ್ಪಟೆಯಾಗದೆ ಪುಡಿಯಾಗುತ್ತದೆ. ಎಂಜಿನ್ ಕೂತ ಮೇಲೆ, ಸ್ಟಾರ್ಟ್ ಮಾಡುವ ಮೊದಲು ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ಬರು ಕ್ರ್ಯಾಂಕ್ ಪುಲ್ಲಿ ನೋಡಲಿ. ಪುಲ್ಲಿ ಕಣ್ಣಿಗೆ ಕಾಣುವಷ್ಟು ಮುಂದೆ ಬಂದರೆ ಎಂಜಿನ್ ಮತ್ತೆ ಇಳಿಸಬೇಕು.